ಮಾನ್ಸೂನ್ ಬಂತು ಅಂದ್ರೆ ಏನು ಬಂತು?

ಮೇ ತಿಂಗಳ ಕೊನೇ ವಾರ ಬಂತೆಂದರೆ ಎಲ್ಲಾ ನ್ಯೂಸ್ ಚಾನೆಲ್‌ಗಳಲ್ಲೂ ಒಂದೇ ಸುದ್ದಿ. "ಕೇರಳಕ್ಕೆ ಮಾನ್ಸೂನ್ ಎಂಟ್ರಿ!" ಪರದೆ ಮೇಲೆ ಕಪ್ಪು ಮೋಡ, ತೆಂಗಿನ ಗರಿ ಬಗ್ಗಿಸುವ ಗಾಳಿ, ಕೊಡೆ ಹಿಡಿದು ನಿಂತ ವರದಿಗಾರ. ಕೆಳಗೆ ಓಡುವ ಕೆಂಪು ಪಟ್ಟಿ. ಬೆಂಗಳೂರಿನವರು ನೋಡ್ತಾರೆ, "ಸದ್ಯ, ಸೆಕೆ ಕಮ್ಮಿಯಾಗುತ್ತೆ" ಅಂತಾರೆ, ಚಾನೆಲ್ ಬದಲಾಯಿಸ್ತಾರೆ.

ಆದರೆ ಇದೇ ಸುದ್ದಿಯನ್ನ ಭೇರ್ಯದಲ್ಲಿ, ಸಾಲಿಗ್ರಾಮದಲ್ಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಕೂತು ನೋಡುವ ರೈತ ಅಷ್ಟು ಸುಲಭಕ್ಕೆ ಚಾನೆಲ್ ಬದಲಾಯಿಸೋಕೆ ಆಗಲ್ಲ. ಅವನ ಸಸಿಮಡಿಯಲ್ಲಿ ಹೊಗೆಸೊಪ್ಪಿನ ಸಸಿ ನಾಟಿಗೆ ಬಂದಿರುತ್ತೆ. ಹೊಲ ಉತ್ತಾಗಿರುತ್ತೆ. ಗೊಬ್ಬರಕ್ಕೆ ಸಾಲ ತೆಗೆದಾಗಿರುತ್ತೆ. ಈಗ ಒಂದೇ ಪ್ರಶ್ನೆ: ನಾಳೆ ನಾಟಿ ಮಾಡಲೋ, ಇನ್ನೊಂದು ವಾರ ಕಾಯಲೋ? ನಾಟಿ ಮಾಡಿದ ಮೇಲೆ ಮಳೆ ಕೈಕೊಟ್ಟರೆ ಸಸಿ ಬಾಡುತ್ತೆ. ಕಾಯುತ್ತಾ ಕೂತರೆ ಸಸಿ ಬಲಿಯುತ್ತೆ, ಹದ ತಪ್ಪುತ್ತೆ. ಟಿವಿಯಲ್ಲಿ ಬಂದ ಆ ಒಂದು ಪದದ ಮೇಲೆ ಅವನ ಒಂದು ವರ್ಷದ ಲೆಕ್ಕ ನಿಂತಿರುತ್ತೆ.

ಹಾಗಾಗಿ ಇವತ್ತು ಆ ಪದವನ್ನೇ ಹಿಡಿದು ಕೇಳೋಣ. ಮಾನ್ಸೂನ್ ಬಂತು ಅಂತಾರಲ್ಲ, ನಿಜವಾಗಿ ಏನು ಬಂತು?

ಮೊದಲು ಒಂದು ಮಾತು. ಮಾನ್ಸೂನ್ ಕನ್ನಡ ಪದ ಅಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅದು ಇಂಗ್ಲಿಷ್ ಪದವೂ ಅಲ್ಲ. ಇಂಗ್ಲಿಷಿನವರೂ ಅದನ್ನು ಸಾಲ ತಂದವರೇ. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಆ ಪದ ಹುಟ್ಟಿದಾಗ ಅದಕ್ಕೆ ಮಳೆ ಅನ್ನೋ ಅರ್ಥವೇ ಇರಲಿಲ್ಲ.

ಅದರ ಮೂಲ ಅರಬ್ಬಿಯ 'ಮೌಸಿಮ್'. ಇದು 'ವಸಮ' ಅನ್ನೋ ಧಾತುವಿನಿಂದ ಬಂದದ್ದು. ವಸಮ ಅಂದ್ರೆ ಗುರುತು ಹಾಕುವುದು, ದನಕ್ಕೋ ಒಂಟೆಗೋ ಕಾಸಿದ ಕಬ್ಬಿಣದಲ್ಲಿ ಬರೆ ಎಳೆದು ಮುದ್ರೆ ಹಾಕ್ತಾರಲ್ಲ, ಹಾಗೆ. ಮೌಸಿಮ್ ಅಂದ್ರೆ ವರ್ಷದಲ್ಲಿ ಗುರುತು ಹಾಕಿಟ್ಟ ಕಾಲ. ಹಜ್ ಯಾತ್ರೆಯ ಕಾಲಕ್ಕೂ ಮೌಸಿಮ್ ಅಂತಾರೆ, ಸಂತೆ ಕಟ್ಟುವ ಕಾಲಕ್ಕೂ ಮೌಸಿಮ್ ಅಂತಾರೆ. ನಮ್ಮ ಕಡೆ ಚುಂಚನಕಟ್ಟೆ ದನಗಳ ಜಾತ್ರೆ ಅಂದ ಕೂಡಲೇ ಯಾರೂ ಕ್ಯಾಲೆಂಡರ್ ನೋಡಲ್ಲ. ಸಂಕ್ರಾಂತಿ ಸುಮಾರಿಗೆ ಅಂತ ಮನಸ್ಸಿಗೇ ಬರುತ್ತೆ. ಅದೇ ಮೌಸಿಮ್.

ಇದೇ ಪದ ಪರ್ಷಿಯನ್ ಭಾಷೆಯ ಕೈಹಿಡಿದು ನೆಲದ ದಾರಿಯಲ್ಲಿ ಬಂದು ಹಿಂದಿಯಲ್ಲಿ 'ಮೌಸಮ್' ಆಯಿತು. ತುರ್ಕಿಯಲ್ಲಿ 'ಮೆವ್ಸಿಮ್', ಮಲಯ ಭಾಷೆಯಲ್ಲಿ 'ಮುಸಿಮ್', ಆಫ್ರಿಕಾದ ಸ್ವಾಹಿಲಿಯಲ್ಲಿ 'ಮ್ಸಿಮು'. ಎಲ್ಲಾ ಕಡೆ ಅರ್ಥ ಒಂದೇ: ಕಾಲ, ಋತು. ಮಳೆ ಅಲ್ಲ. ಹಿಂದಿಯ ಮೌಸಮ್, ನಾವು ಹೇಳುವ ಮಾನ್ಸೂನ್ ಎರಡೂ ಅವಳಿ ಮಕ್ಕಳು. ಒಂದು ನೆಲದಲ್ಲಿ ನಡೆದು ಬಂತು, ಇನ್ನೊಂದು ಹಡಗು ಹತ್ತಿ ಲೋಕ ಸುತ್ತಿ ಬಂತು. ಅದಕ್ಕೇ ಮುಖಚಹರೆ ಬೇರೆ ಆಗಿದೆ.

ಹಡಗು ಹತ್ತಿದ್ದು ಯಾಕೆ? ಅರಬ್ಬೀ ಸಮುದ್ರದ ಗಾಳಿಗೆ ಒಂದು ನಿಯಮ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ, ಅಂದ್ರೆ ಆಫ್ರಿಕಾ ಕಡೆಯಿಂದ ಭಾರತದ ಕಡೆಗೆ ಬೀಸುತ್ತೆ. ನವೆಂಬರ್ ಹೊತ್ತಿಗೆ ತಿರುಗಿ ಈಶಾನ್ಯದಿಂದ, ಭಾರತದ ಕಡೆಯಿಂದ ಆಫ್ರಿಕಾ ಕಡೆಗೆ. ಇಂಜಿನ್ ಇಲ್ಲದ ಕಾಲ. ಹಾಯಿಗೆ ಗಾಳಿಯೇ ಡೀಸೆಲ್. ಯಾವ ತಿಂಗಳು ಹೊರಟರೆ ಎಲ್ಲಿಗೆ ತಲುಪಬಹುದು, ಯಾವ ತಿಂಗಳು ಹೊರಟರೆ ತಲುಪುವುದೇ ಇಲ್ಲ ಅನ್ನೋ ಲೆಕ್ಕವೇ ನಾವಿಕನ ಜೀವ. ಅಹ್ಮದ್ ಇಬ್ನ್ ಮಾಜಿದ್ ಅನ್ನುವ ಅರಬ್ ನಾವಿಕ 1490ರ ಸುಮಾರಿಗೆ ಬರೆದ ನೌಕಾಶಾಸ್ತ್ರದ ಗ್ರಂಥದಲ್ಲಿ ಈ ಮೌಸಿಮ್‌ಗಳಿಗಾಗಿಯೇ ಒಂದು ಭಾಗ ಇದೆ. ಯಾವ ಬಂದರಿನಿಂದ ಯಾವ ದಿನಗಳಲ್ಲಿ ಹೊರಡಬೇಕು ಅನ್ನೋ ಪಂಚಾಂಗ ಅದು. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದದ್ದೂ ಈ ಪಂಚಾಂಗದ ಪ್ರಕಾರವೇ.

ಪಂಚಾಂಗ ಮೀರಿದರೆ ಏನಾಗುತ್ತೆ? ವಾಸ್ಕೋ ಡ ಗಾಮಾನನ್ನು ಕೇಳಬೇಕು. ಶಾಲೆಯ ಪಾಠದಲ್ಲಿ ಅವನು 1498ರಲ್ಲಿ ಕಲ್ಲಿಕೋಟೆಗೆ ಬಂದ ಅಂತ ಓದಿದ್ದೀವಿ. ವಾಪಸ್ ಹೇಗೆ ಹೋದ ಅಂತ ಯಾರೂ ಹೇಳಲ್ಲ. ಬರುವಾಗ ಆಫ್ರಿಕಾದ ಮಾಲಿಂದಿಯಲ್ಲಿ ದಾರಿ ಬಲ್ಲ ಒಬ್ಬ ನಾವಿಕನನ್ನು ಹತ್ತಿಸಿಕೊಂಡು ಏಪ್ರಿಲ್ 24ಕ್ಕೆ ಹೊರಟ. ಸುಮಾರು 23 ದಿನಕ್ಕೆ ಮಲಬಾರಿನ ಬೆಟ್ಟ ಕಂಡವು. ಹೋಗುವಾಗ ಕಲ್ಲಿಕೋಟೆಯಲ್ಲಿ ಜಗಳ ಮಾಡಿಕೊಂಡು ಆತುರದಲ್ಲಿ ಹೊರಟ. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಕೆಲವು ದಿನ ನಿಂತು, ಅಕ್ಟೋಬರ್ 5ಕ್ಕೆ ಹಾಯಿ ಬಿಚ್ಚಿದ. ಒಂದು ಗಾಳಿ ಮುಗಿದು ಇನ್ನೊಂದು ಇನ್ನೂ ಹುಟ್ಟದ ಸಮಯ. ಹಡಗು ನಡುಸಮುದ್ರದಲ್ಲಿ ಒದ್ದಾಡಿತು. 23 ದಿನದ ದಾರಿಗೆ ಹೆಚ್ಚೂಕಮ್ಮಿ ಮೂರು ತಿಂಗಳು ಹಿಡಿಯಿತು. ಒಸಡು ಊದಿ ರಕ್ತ ಸುರಿಯುವ ಸ್ಕರ್ವಿ ಕಾಯಿಲೆಗೆ ಸುಮಾರು 30 ಜನ ಸತ್ತರು. ಉಳಿದವರು ಸಾಕಾಗದೆ ಒಂದು ಹಡಗನ್ನು ತಾವೇ ಸುಟ್ಟುಹಾಕಿ ಮುಂದೆ ಹೋದರು.

ನೋಡಿ, ಮೌಸಿಮ್ ಅನ್ನೋ ಪದದ ಬೆಲೆ ಪೋರ್ಚುಗೀಸರಿಗೆ ಗೊತ್ತಾದದ್ದು ಹೀಗೆ. ಅವರು ಆ ಪದವನ್ನು ತಮ್ಮ ಬಾಯಿಗೆ ಹೊಂದುವಂತೆ ತಿರುಗಿಸಿಕೊಂಡರು. ಮೊದಲು 'ಮೌಸಾಂವ್', ಆಮೇಲೆ 'ಮೊನ್ಸಾಂವ್'. ಕೊಂಕಣಿ ಕೇಳಿದವರಿಗೆ ಈ ಮೂಗಿನ ಉಚ್ಚಾರ ಹೊಸದಲ್ಲ. ಅರಬ್ಬಿಯಲ್ಲಿ ಇಲ್ಲದ ಒಂದು 'ನ್' ಪದದ ಹೊಟ್ಟೆಯೊಳಗೆ ಸೇರಿಕೊಂಡದ್ದು ಇಲ್ಲೇ. ನಾವು ಇವತ್ತು ಮಾ'ನ್'ಸೂನ್ ಅನ್ನುವಾಗ ನಡುವೆ ಉಚ್ಚರಿಸುವ ಆ 'ನ್' ಇದೆಯಲ್ಲ, ಅದು ಪೋರ್ಚುಗೀಸ್ ನಾವಿಕರ ಮೂಗಿನ ಸಹಿ.

ಅಲ್ಲಿಂದ ಪದ ಯೂರೋಪಿನ ಅಕ್ಕತಂಗಿಯರ ಮನೆಗೆಲ್ಲಾ ಹೋಯಿತು. ಅಕ್ಕತಂಗಿಯರು ಅಂದದ್ದು ರೋಮಾನ್ಸ್ ಭಾಷೆಗಳಿಗೆ. ಇದು ಪ್ರೇಮದ ರೋಮಾನ್ಸ್ ಅಲ್ಲ, ರೋಮ್ ನಗರದಿಂದ ಬಂದ ಹೆಸರು. ಪೋರ್ಚುಗೀಸ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ರೊಮೇನಿಯನ್, ಎಲ್ಲವೂ ಲ್ಯಾಟಿನ್ ತಾಯಿಯ ಮಕ್ಕಳು. ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ತುಳು ಒಂದೇ ಕುಟುಂಬ ಅಲ್ವಾ, ಹಾಗೆ. 'ನೀರು' ಅನ್ನೋದು ಕನ್ನಡಕ್ಕೂ ತೆಲುಗಿಗೂ ತಮಿಳಿಗೂ ಮನೆಯ ಆಸ್ತಿ. ಆದರೆ 'ಕುರ್ಚಿ' ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಅದು ಅಜ್ಜಿ ಕೊಟ್ಟದ್ದಲ್ಲ, ಅರಬ್ಬಿಯಿಂದ ಬಂದದ್ದು. ಅದೇ ರೀತಿ ಆ ಭಾಷೆಗಳಲ್ಲಿ ಸಮುದ್ರಕ್ಕೆ 'ಮಾರ್', 'ಮೇರ್', 'ಮಾರೆ' ಅಂತ ಇರುವುದು ಲ್ಯಾಟಿನ್ ಆಸ್ತಿ. ಆ ಸಮುದ್ರದ ಗಾಳಿಗೆ ಇಟ್ಟ ಹೆಸರು ಮಾತ್ರ ಅರಬ್ಬರ ಸಾಲ. ಸ್ಪ್ಯಾನಿಷ್‌ನಲ್ಲಿ 'ಮೊನ್ಸೋನ್', ಇಟಾಲಿಯನ್‌ನಲ್ಲಿ 'ಮೊನ್ಸೋನೆ', ಫ್ರೆಂಚ್‌ನಲ್ಲಿ 'ಮೂಸ್ಸೋಂ', ರೊಮೇನಿಯನ್‌ನಲ್ಲಿ 'ಮುಸೋನ್'. ಕಪ್ಪು ಸಮುದ್ರದ ದಡದ ರೊಮೇನಿಯಾದಲ್ಲಿ ಮಾನ್ಸೂನ್ ಬೀಸುವುದೇ ಇಲ್ಲ. ಆದರೂ ಪದ ಅಲ್ಲಿಗೆ ಹೋಗಿ ಕೂತಿದೆ.

ಇಂಗ್ಲಿಷಿಗೆ ಇದು ಹೋದದ್ದು 16ನೇ ಶತಮಾನದ ಕೊನೆಯಲ್ಲಿ, ಪೋರ್ಚುಗೀಸರಿಂದಲೂ ಡಚ್ಚರಿಂದಲೂ. ಆ ಹೊತ್ತಿನಲ್ಲಿ ಲಿನ್‌ಸ್ಕೋಟನ್ ಅನ್ನುವ ಡಚ್ಚಿನವನೊಬ್ಬ ಇದ್ದ. 1583ರಲ್ಲಿ ಗೋವಾಕ್ಕೆ ಬಂದು ಅಲ್ಲಿನ ಆರ್ಚ್‌ಬಿಷಪ್ ಹತ್ತಿರ ಕೆಲಸಕ್ಕಿದ್ದ. ಪೋರ್ಚುಗೀಸರ ಸಮುದ್ರದಾರಿಯ ಗುಟ್ಟುಗಳನ್ನೆಲ್ಲ ಬರೆದುಕೊಂಡು ಹೋಗಿ 1596ರಲ್ಲಿ ಪುಸ್ತಕ ಮಾಡಿದ. ಎರಡೇ ವರ್ಷಕ್ಕೆ ಅದು ಇಂಗ್ಲಿಷಿಗೂ ಬಂತು. ಇಂಗ್ಲಿಷರು, ಡಚ್ಚರು ಈ ಕಡೆಗೆ ಹಡಗು ಬಿಡುವುದಕ್ಕೆ ಧೈರ್ಯ ಕೊಟ್ಟ ಪುಸ್ತಕಗಳಲ್ಲಿ ಅದೂ ಒಂದು.

ಪದಗಳು ಹಡಗಿನಲ್ಲಿ ಹೀಗೇ ಓಡಾಡುತ್ತವೆ ವೀಕ್ಷಕರೇ. ನಮ್ಮ ಮನೆಯ 'ಮೇಜು' ಪೋರ್ಚುಗೀಸರದು. 'ಪಾದ್ರಿ' ಅವರದು. ಹುಣಸೂರಿನ ಹೊಗೆಸೊಪ್ಪಿಗೆ ಸರ್ಕಾರಿ ಕಾಗದದಲ್ಲಿ 'ತಂಬಾಕು' ಅಂತ ಬರೀತಾರಲ್ಲ, ಆ ಹೆಸರೂ ಆ ಗಿಡವೂ ಅಮೆರಿಕದಿಂದ ಅಂಥದೇ ಹಡಗುಗಳಲ್ಲಿ ಬಂದವು. ತಮಿಳಿನ 'ಕಟ್ಟುಮರಂ' ಅವರ ಕಡೆಗೆ ಹೋಗಿ ಕ್ಯಾಟಮರಾನ್ ಆಯಿತು. ಕೊಡುವುದು, ತರುವುದು ಎರಡೂ ಇತ್ತು.

ಆದರೆ ಮಾನ್ಸೂನ್ ಪದದ ಕಥೆಯಲ್ಲಿ ನಾವು ಬಿಡಬಾರದ ಅಂಶ ಒಂದಿದೆ. ಯೂರೋಪಿಗೆ ಹೋದಾಗಲೂ ಅದಕ್ಕೆ ಮಳೆ ಅನ್ನೋ ಅರ್ಥ ಇರಲಿಲ್ಲ. ಬೇಕಾದರೆ ಎರಡು ಸಾಕ್ಷಿ ಕೊಡ್ತೀನಿ.

ಒಂದು ನಮ್ಮ ಪಕ್ಕದಲ್ಲೇ ಇದೆ. ಗೋವಾದ ಪತ್ರಾಗಾರದಲ್ಲಿ 'ಮೊನ್ಸಾಂವ್ ಪುಸ್ತಕಗಳು' ಅನ್ನುವ ಹೆಸರಿನ ನೂರಾರು ಕಡತಗಳಿವೆ. ಮಳೆಯ ಲೆಕ್ಕ ಇರಬಹುದು ಅಂತ ತೆಗೆದರೆ ಒಳಗಿರುವುದು ಪತ್ರಗಳು! ಲಿಸ್ಬನ್‌ನ ದೊರೆಗೂ ಗೋವಾದ ವೈಸರಾಯ್‌ಗೂ ನಡುವೆ ಓಡಾಡಿದ ಟಪಾಲು. ವರ್ಷದ ಹಡಗುಗಳ ಕಾಲ ಬಂದಾಗ ಹೋಗುವ, ಬರುವ ಟಪಾಲು ಆದ್ದರಿಂದ ಆ ಹೆಸರು. ಕೆಳದಿ ನಾಯಕರ ಕಾಲದ ನಮ್ಮ ಕರಾವಳಿಯ ಚರಿತ್ರೆ ಬರೆಯುವವರಿಗೆ ಇವತ್ತಿಗೂ ಅವು ಮುಖ್ಯ ಆಕರ.

ಇನ್ನೊಂದು ಸಾಕ್ಷಿ ಬ್ರೆಜಿಲ್‌ನಲ್ಲಿದೆ. 18ನೇ ಶತಮಾನದಲ್ಲಿ ಅಲ್ಲಿನ ಒಳನಾಡಿನ ಕುಯಾಬಾದಲ್ಲಿ ಚಿನ್ನ ಸಿಕ್ಕಿತು. ಸಾವೋ ಪಾಲೊ ಕಡೆಯಿಂದ ಜನ ದೋಣಿಗಳ ಸಾಲು ಕಟ್ಟಿಕೊಂಡು ನದಿಯ ಮೇಲೆ ತಿಂಗಳುಗಟ್ಟಲೆ ಹೊರಟರು. ಹೊಳೆ ತುಂಬಿದ ಕಾಲ ನೋಡಿ ಹೊರಡುತ್ತಿದ್ದ ಆ ದೋಣಿಯಾತ್ರೆಗೆ ಅವರು ಇಟ್ಟ ಹೆಸರೇ 'ಮೊನ್ಸಾಂವ್'. ಅಲ್ಲಿ ಅರಬ್ಬೀ ಸಮುದ್ರವೂ ಇಲ್ಲ, ನೈಋತ್ಯ ಗಾಳಿಯೂ ಇಲ್ಲ. ಇದ್ದದ್ದು 'ಹೊರಡುವ ಕಾಲ' ಅನ್ನುವ ಅರ್ಥ ಮಾತ್ರ.

ಹಾಗಾದರೆ ಮಳೆ ಯಾವಾಗ ಒಳಗೆ ಬಂತು? ಮೊದಲು ಗುರುತಿಟ್ಟ ಕಾಲ, ಆಮೇಲೆ ಹಡಗು ಹೊರಡುವ ಕಾಲ, ಆಮೇಲೆ ಆ ಕಾಲದಲ್ಲಿ ಬೀಸುವ ಗಾಳಿ, ಕೊನೆಗೆ ಆ ಗಾಳಿ ತರುವ ಮಳೆ. ನಾಲ್ಕು ಮೆಟ್ಟಿಲು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1686ರಲ್ಲಿ ಮಾನ್ಸೂನ್ ಬಗ್ಗೆ ಲೇಖನ ಬರೆದು ನಕ್ಷೆ ಹಾಕಿದ. ಆ ನಕ್ಷೆಯಲ್ಲೂ ಇದ್ದದ್ದು ಗಾಳಿಯೇ. ಭಾರತದ ನೆಲದ ಮೇಲೆ ಕೂತು ಕಂದಾಯ ವಸೂಲಿ ಮಾಡುವ ಇಂಗ್ಲಿಷ್ ಅಧಿಕಾರಿಗೆ ಗಾಳಿಗಿಂತ ಮಳೆ ಮುಖ್ಯವಾಯಿತು. ಅದಕ್ಕೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು 1876ರಿಂದ 78ರವರೆಗಿನ ಬರ. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಬರ ಅಂತ ಕರೆದರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಗೆ ಬಂತು. ಬರಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಭಾರತ ಹವಾಮಾನ ಇಲಾಖೆ ಶುರುವಾಗಿತ್ತು. 1886ರಿಂದ ಅದು ಮಳೆಗಾಲದ ಮುನ್ಸೂಚನೆ ಕೊಡಲು ಆರಂಭಿಸಿತು. ಮಾನ್ಸೂನ್ ಅಂದ್ರೆ ಮಳೆ ಅನ್ನೋದು ಗಟ್ಟಿಯಾಯಿತು.

ಗಟ್ಟಿಯಾಯಿತು ನಿಜ. ಆದರೆ ಪದ ತನ್ನ ಹಳೇ ಬುದ್ಧಿ ಬಿಟ್ಟಿದೆಯಾ? ಇವತ್ತು ಹವಾಮಾನ ಇಲಾಖೆ "ಕೇರಳಕ್ಕೆ ಮಾನ್ಸೂನ್ ಬಂತು" ಅಂತ ಘೋಷಿಸುವುದು ಹೇಗೆ ಅಂತ ನೋಡಿ. ಅದಕ್ಕೆ 14 ಮಳೆಮಾಪನ ಕೇಂದ್ರಗಳನ್ನು ಆರಿಸಿಕೊಂಡಿದ್ದಾರೆ. ಲಕ್ಷದ್ವೀಪದ ಮಿನಿಕಾಯ್‌ನಿಂದ ಹಿಡಿದು ತಿರುವನಂತಪುರ, ಕೊಚ್ಚಿ, ಕಲ್ಲಿಕೋಟೆ, ಕಣ್ಣೂರು. ನಮ್ಮವರಿಗೆ ಹೆಮ್ಮೆ ಅನ್ನಿಸಬಹುದು, ಕಾಸರಗೋಡಿನ ಕೂಡ್ಲು ಮತ್ತು ನಮ್ಮ ಮಂಗಳೂರು ಕೂಡ ಆ ಪಟ್ಟಿಯಲ್ಲಿವೆ. ಮೇ 10 ಕಳೆದ ಮೇಲೆ, ಇವುಗಳಲ್ಲಿ ಶೇ. 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಆಗಬೇಕು. ಅಷ್ಟೇ ಸಾಲದು. ಸಮುದ್ರದ ಮೇಲೆ ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ ಇರಬೇಕು, ಕೆಳಮಟ್ಟದಲ್ಲಿ ಅದರ ವೇಗ 15ರಿಂದ 20 ನಾಟ್ ಇರಬೇಕು, ಮೋಡ ದಟ್ಟವಾಗಿದೆ ಅಂತ ಉಪಗ್ರಹ ಹೇಳಬೇಕು. ನಾಟ್ ಅಂದ್ರೆ ಏನು? ಹಡಗಿನವರ ಅಳತೆ!

ಅಂದ್ರೆ ಈ ಘೋಷಣೆ ಹೇಳುವುದು ಇಷ್ಟೇ: ಸಮುದ್ರದ ಗಾಳಿ ತಿರುಗಿದೆ, ಅದು ಕೇರಳದ ದಡ ಮುಟ್ಟಿದೆ. ವಿಜ್ಞಾನಿಗಳು ಮಾಡಿರುವುದು ಸರಿಯಾಗಿಯೇ ಇದೆ. ಅವರು ಅಳೆಯುತ್ತಿರುವುದು ಅದನ್ನೇ. ಆದರೆ ಆ ಪಟ್ಟಿಯಲ್ಲಿ ಮೈಸೂರು ಇಲ್ಲ, ಹುಣಸೂರು ಇಲ್ಲ, ಭೇರ್ಯ ಇಲ್ಲ. ಇರಬೇಕಾದ್ದೂ ಇಲ್ಲ. ನಿಮ್ಮ ಹೊಲಕ್ಕೆ ಮಳೆ ಬರುತ್ತೆ ಅಂತ ಅವರು ಹೇಳಿಯೇ ಇಲ್ಲ. ಹಾಗಂತ ಕೇಳಿಸಿಕೊಂಡದ್ದು ನಾವು.

ಈಗ ಮೈಸೂರು ಜಿಲ್ಲೆಯ ನೆಲಕ್ಕೆ ಬನ್ನಿ. ಪಶ್ಚಿಮ ಘಟ್ಟ ದಾಟುವಾಗ ಆ ಗಾಳಿ ತನ್ನ ನೀರಿನ ದೊಡ್ಡ ಪಾಲನ್ನು ಕೊಡಗು, ವಯನಾಡಿನಲ್ಲೇ ಸುರಿದುಬಿಡುತ್ತೆ. ಪಿರಿಯಾಪಟ್ಟಣದ, ಕೋಟೆಯ ಪಶ್ಚಿಮದ ಅಂಚಿಗೆ ಸ್ವಲ್ಪ ಸಿಗುತ್ತೆ. ಪೂರ್ವಕ್ಕೆ ಬಂದಂತೆ ತುಂತುರು, ಮೋಡ, ಗಾಳಿ. ಮೈಸೂರಿನಲ್ಲಿ ಜೂನ್‌ಗಿಂತ ಮೇ ತಿಂಗಳ ಸರಾಸರಿ ಮಳೆಯೇ ಹೆಚ್ಚು! ಆಮೇಲೆ ಇನ್ನೊಂದು ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಂದ್ರೆ ಟಿವಿಯಲ್ಲಿ ಮಾನ್ಸೂನ್ ಬರುವುದಕ್ಕೆ ಮೊದಲೇ ಇಲ್ಲಿನ ಒಂದು ಮಳೆ ಮುಗಿದಿರುತ್ತೆ. ಹೊಗೆಸೊಪ್ಪಿನ ರೈತ ನಾಟಿ ಮಾಡುವುದೂ ಆ ಗುಡುಗು ಸಿಡಿಲಿನ ಮೇ ಮಳೆಯ ಹಸಿಯನ್ನು ನಂಬಿಕೊಂಡೇ.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಅವರು ಮಳೆಗೆ ಒಂದು ಹೆಸರಿಡಲಿಲ್ಲ. ಮೊದಲು ಬರುವ ಕಾರು ಮುಂಗಾರು, ಹಿಂದೆ ಬರುವ ಕಾರು ಹಿಂಗಾರು. ಕಾರು ಅಂದ್ರೆ ಮಳೆಗಾಲ, ಕಾರ್ಮೋಡದ ಕಾರು ಅದೇ. ಅದನ್ನೂ ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ನಕ್ಷತ್ರದ ಮಳೆಗಳಾಗಿ ಕತ್ತರಿಸಿ ಇಟ್ಟರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಅಂತ ಶುರುವಾಗಿ ಹಸ್ತ, ಚಿತ್ತಾ, ಸ್ವಾತಿವರೆಗೆ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲಾ ಬೆಳೆ ಅನ್ನೋ ಮಾತು ಕೇಳಿದ್ದೀರಲ್ಲ? ಭರಣಿ ಬರುವುದು ಏಪ್ರಿಲ್ ಕೊನೆಯಲ್ಲಿ. ಆಗ ಇಲಾಖೆಯ ಲೆಕ್ಕದಲ್ಲಿ ಮಾನ್ಸೂನ್ ಹುಟ್ಟಿಯೇ ಇರಲ್ಲ. ನಕ್ಷತ್ರ ನೋಡಿದರೆ ಮಳೆ ಬರುತ್ತೆ ಅಂತ ನಾನು ಹೇಳ್ತಾ ಇಲ್ಲ. ಇದೂ ಒಂದು ಮೌಸಿಮ್, ಅಷ್ಟೇ. ಗುರುತಿಟ್ಟ ಕಾಲ. ವ್ಯತ್ಯಾಸ ಏನೆಂದರೆ ಅರಬ್ ನಾವಿಕ ಹಡಗಿಗೆ ಗುರುತು ಇಟ್ಟುಕೊಂಡ, ನಮ್ಮ ರೈತ ನೇಗಿಲಿಗೆ ಇಟ್ಟುಕೊಂಡ.

ಮಾನ್ಸೂನ್ ಬೇಗ ಬಂದರೆ ಒಳ್ಳೆಯ ಮಳೆ ಅನ್ನೋ ನಂಬಿಕೆಯೂ ಇದೆ. ಅದನ್ನೂ ಪರೀಕ್ಷೆ ಮಾಡೋಣ. ಕೇರಳಕ್ಕೆ ಮಾನ್ಸೂನ್ ಬರುವ ವಾಡಿಕೆ ದಿನ ಜೂನ್ 1. 2009ರಲ್ಲಿ ಮೇ 23ಕ್ಕೇ ಬಂತು. ಎಲ್ಲರೂ ಸಂಭ್ರಮಪಟ್ಟರು. ಆ ವರ್ಷ ದೇಶದ ಮಳೆ ಸರಾಸರಿಗಿಂತ ಶೇ. 22ರಷ್ಟು ಕಡಿಮೆ, ಬರಗಾಲ. 2025ರಲ್ಲಿ ಮೇ 24ಕ್ಕೆ ಬಂತು. ಆ ವರ್ಷ ಸರಾಸರಿಗಿಂತ ಶೇ. 8ರಷ್ಟು ಹೆಚ್ಚು. ಒಂದೇ ದಿನದ ವ್ಯತ್ಯಾಸ, ಫಲ ಮಾತ್ರ ಅಜಗಜಾಂತರ. 2023ರಲ್ಲಿ ಜೂನ್ 8ಕ್ಕೆ ಬಂತು. ದೇಶದ ಲೆಕ್ಕದಲ್ಲಿ ಶೇ. 94ರಷ್ಟು ಮಳೆ, ಕೇಳೋಕೆ ಪರವಾಗಿಲ್ಲ ಅನ್ನಿಸುತ್ತೆ. ಆದರೆ ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ! ಬಾಗಿಲು ತಟ್ಟಿದವನು ಊಟಕ್ಕೆ ಕೂರ್ತಾನೆ ಅಂತ ಏನೂ ಇಲ್ಲ.

ಹಾಗಾದರೆ ಆ ಸುದ್ದಿಯಿಂದ ಈ ಸೀಮೆಗೆ ಉಪಯೋಗವೇ ಇಲ್ವಾ? ಇದೆ. ಆದರೆ ಬೇರೆ ದಾರಿಯಲ್ಲಿ. ಕೊಡಗಿನಲ್ಲಿ ಬಿದ್ದದ್ದು ಹಾರಂಗಿ, ಕಾವೇರಿಯಲ್ಲಿ ಹರಿದು ಕೆ.ಆರ್. ನಗರದ ನಾಲೆಗಳಿಗೆ ಬರುತ್ತೆ. ವಯನಾಡಿನಲ್ಲಿ ಬಿದ್ದದ್ದು ಕಬಿನಿಯಲ್ಲಿ ಕೋಟೆಗೆ ಬರುತ್ತೆ. ನಾಲೆಯ ಗದ್ದೆಯವರಿಗೆ ಮಾನ್ಸೂನ್ ಆಕಾಶದಿಂದ ಇಳಿಯುವುದಕ್ಕಿಂತ ಹೊಳೆಯಲ್ಲಿ ನಡೆದು ಬರುವುದೇ ಹೆಚ್ಚು. ಒಂದೇ ತಾಲ್ಲೂಕಿನಲ್ಲಿ ಭತ್ತ ಇಡುವವನಿಗೆ ಆ ಕೆಂಪು ಪಟ್ಟಿಯ ಅರ್ಥ ಒಂದು, ಮಳೆ ನಂಬಿ ರಾಗಿ, ಹೊಗೆಸೊಪ್ಪು ಇಡುವವನಿಗೆ ಅರ್ಥ ಇನ್ನೊಂದು.

ಆದ್ದರಿಂದ ಮುಂದಿನ ಮೇ ತಿಂಗಳಲ್ಲಿ "ಮಾನ್ಸೂನ್ ಬಂತು" ಅಂತ ಯಾವುದೇ ಚಾನೆಲ್‌ನಲ್ಲಿ, ನಮ್ಮ ಚಾನೆಲ್‌ನಲ್ಲೇ ಆಗಲಿ, ಕೂಗಿದಾಗ ಮೂರು ಪ್ರಶ್ನೆ ಕೇಳಿ. ಎಲ್ಲಿಗೆ ಬಂತು? ಕೇರಳದ ದಡಕ್ಕೋ, ನಮ್ಮ ಹೋಬಳಿಗೋ? ಬಂದದ್ದು ಏನು? ಗಾಳಿಯೋ, ಮೋಡವೋ, ಮಳೆಯೋ? ಬಂದದ್ದು ಎಷ್ಟು ದಿನ ಇರುತ್ತೆ? ಈ ಪ್ರಶ್ನೆಗಳಿಗೆ ಉತ್ತರ ಕೊಡುವವರು ಇದ್ದಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪನ ಇಟ್ಟಿದೆ. ವರುಣಮಿತ್ರ ಅನ್ನುವ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನ ಹವಾಮಾನ ಕೇಳಬಹುದು. ಹೊಲದ ಮಣ್ಣನ್ನು ಒಂದು ಗೇಣು ಅಗೆದು ಹಸಿ ಎಷ್ಟು ಇಳಿದಿದೆ ಅಂತ ನೋಡುವುದಕ್ಕೆ ಫೋನೂ ಬೇಡ.

ಮಂಗಳೂರು, ಮಲ್ಪೆ, ಕಾರವಾರದ ಯಾಂತ್ರಿಕ ದೋಣಿಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರಕ್ಕೆ ಇಳಿಯಲ್ಲ. ಮೀನು ಮರಿ ಮಾಡುವ ಕಾಲ, ಕಡಲಿನ ಅಬ್ಬರದ ಕಾಲ. ಅಲ್ಲಿ ಮೌಸಿಮ್ ಇವತ್ತಿಗೂ ತನ್ನ ಹಳೇ ಅರ್ಥದಲ್ಲೇ ಬದುಕಿದೆ. ಅದು ಸಮುದ್ರದವರ ಪದ, ಸಮುದ್ರದವರಿಗೆ ಸರಿಯಾಗಿ ಕೆಲಸ ಮಾಡುತ್ತೆ. ಸಮುದ್ರದಿಂದ ದೂರ, ಘಟ್ಟದ ಈಚೆ ಇರುವ ನಾವು ಅದನ್ನು ಕೇಳೋಣ, ಗೌರವಿಸೋಣ. ಆದರೆ ಸಸಿಮಡಿಯಿಂದ ಸಸಿ ಕೀಳುವ ಮುಂಚೆ ನಮ್ಮ ಮುಂಗಾರನ್ನೇ ಕೇಳೋಣ.

ಯೋಚನೆ ಮಾಡಿ.